ಪುಟದ ಮೇಲಿನ ಬೆರಳು: ಚಿತ್ರಪುಸ್ತಕದ ಓದು ನಡೆದುಬಂದ ದಾರಿ

ಅಕ್ಷರ ಕಲಿಯುವ ಮುನ್ನವೇ ಮಗುವಿಗೆ ಚಿತ್ರಪುಸ್ತಕ ತೋರಿಸಿ ಮಾತನಾಡಿಸಬೇಕೆಂಬ ಸಲಹೆಯನ್ನು ಇಂದು ಶಿಕ್ಷಣತಜ್ಞರಷ್ಟೇ ಅಲ್ಲದೆ ಮಕ್ಕಳ ವೈದ್ಯರೂ ಕೊಡುತ್ತಾರೆ. ಇದು ಎಂದಿನಿಂದಲೂ ಇದ್ದ ತಿಳಿವಳಿಕೆಯೆಂದು ತೋರಿದರೂ, ಮಕ್ಕಳ ಚಿತ್ರಪುಸ್ತಕ ಹುಟ್ಟಿ ಮುನ್ನೂರು ವರ್ಷ ಕಳೆದ ಮೇಲಷ್ಟೇ ಅದಕ್ಕೆ ಶಾಸ್ತ್ರೀಯ ಆಧಾರ ದೊರೆಯಿತು. ಅಲ್ಲಿಯವರೆಗೆ ಪುಸ್ತಕ ಹೇಗಿರಬೇಕೆಂಬುದರ ಬಗ್ಗೆ ಸಾಕಷ್ಟು ಚರ್ಚೆ ನಡೆದಿತ್ತಾದರೂ, ಅದನ್ನು ಮುಂದಿಟ್ಟುಕೊಂಡು ಕುಳಿತ ದೊಡ್ಡವರ ಮತ್ತು ಮಗುವಿನ ನಡುವೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ಗಮನಿಸಿದವರು ವಿರಳ. ಚಿತ್ರಪುಸ್ತಕದ ಚರಿತ್ರೆಯನ್ನು ಹಿಂಬಾಲಿಸಿದರೆ, ಗಮನವು ಪುಟದಿಂದ ಮೆಲ್ಲಗೆ ಸರಿದು, ಪುಟದ ಸುತ್ತ ಹುಟ್ಟುವ ಮಾತುಕತೆಯ ಮೇಲೆ ನೆಲೆಗೊಂಡ ಬಗೆ ಕಾಣುತ್ತದೆ.

ಮಕ್ಕಳಿಗೆಂದೇ ರಚಿತವಾದ ಚಿತ್ರಪುಸ್ತಕಗಳ ಸಾಲಿನಲ್ಲಿ ಸಾಮಾನ್ಯವಾಗಿ ಮೊದಲು ಹೆಸರಿಸಲಾಗುವುದು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’ ಎಂಬ ಕೃತಿಯನ್ನು. ಇದರ ಕರ್ತೃ ಮೊರಾವಿಯಾದ ಜಾನ್ ಅಮೋಸ್ ಕೊಮೇನಿಯಸ್, ಯುರೋಪಿನ ಧಾರ್ಮಿಕ ಯುದ್ಧಗಳಿಂದಾಗಿ ಹುಟ್ಟೂರು ತೊರೆದು ಊರಿಂದೂರಿಗೆ ಅಲೆದ ಪಾದ್ರಿ ಮತ್ತು ಶಿಕ್ಷಣ ಚಿಂತಕ. ಪುಸ್ತಕದ ಪ್ರತಿ ಪಾಠಕ್ಕೂ ಒಂದು ಮರಕೆತ್ತನೆಯ ಚಿತ್ರವಿದ್ದು, ಚಿತ್ರದೊಳಗಿನ ವಸ್ತುಗಳಿಗೆ ಅಂಕಿಗಳನ್ನು ಕೊಟ್ಟು, ಅದೇ ಅಂಕಿಗಳನ್ನು ಕೆಳಗಿನ ಲ್ಯಾಟಿನ್ ಮತ್ತು ಜರ್ಮನ್ ವಾಕ್ಯಗಳಲ್ಲಿ ಆಯಾ ಪದದ ಪಕ್ಕಕ್ಕೆ ಇಡಲಾಗಿತ್ತು. ಆರಂಭದಲ್ಲಿಯೇ ಒಂದು ವರ್ಣಮಾಲೆ ಬರುತ್ತದೆ: ಕಾಗೆಯ ಕೂಗು, ಕುರಿಯ ಅರಚು ಮುಂತಾದ ದನಿಗಳನ್ನು ಅಕ್ಷರಗಳಿಗೆ ಹೊಂದಿಸಿ, ಮಗು ಆಗಲೇ ಬಲ್ಲ ಸದ್ದಿನಿಂದ ಅದು ಅರಿಯದ ಗುರುತಿಗೆ ಕರೆದೊಯ್ಯುವ ಉಪಾಯ ಅಲ್ಲಿದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿ ಪುಸ್ತಕದ ಮುನ್ನುಡಿಯಲ್ಲಿದೆ. ಮಗುವನ್ನು ಶಾಲೆಗೆ ಕಳಿಸುವ ಮೊದಲೇ ಈ ಪುಸ್ತಕವನ್ನು ಮನೆಯಲ್ಲಿ ಅದರ ಕೈಗೆ ಕೊಟ್ಟು, ಚಿತ್ರಗಳನ್ನು ಮನಸೋಇಚ್ಛೆ ನೋಡಲು ಬಿಟ್ಟು, ಆಗಾಗ ಇದೇನು, ಅದೇನು ಎಂದು ಕೇಳುತ್ತಿರಬೇಕೆಂದು ಕೊಮೇನಿಯಸ್ ಸೂಚಿಸುತ್ತಾನೆ. ಕೃತಿ ಯುರೋಪಿನ ಹಲವು ಭಾಷೆಗಳಿಗೆ ಹೋಯಿತು, ಶತಮಾನಗಳ ಕಾಲ ಪಠ್ಯವಾಗಿ ಬಳಕೆಯಲ್ಲಿತ್ತು. ಕೇಳುತ್ತಿರಬೇಕೆಂಬ ಆ ಒಂದು ಸೂಚನೆಯ ಬೆಲೆ ಮಾತ್ರ ಬಹುಕಾಲ ಯಾರ ಅರಿವಿಗೂ ಬರಲಿಲ್ಲ.

ಮುಂದಿನ ಎರಡು ಶತಮಾನಗಳ ಕಥೆ ಹೆಚ್ಚಾಗಿ ಮುದ್ರಣದ ಕಥೆ. ಲಂಡನ್ನಿನ ಮುದ್ರಕ ಎಡ್ಮಂಡ್ ಎವಾನ್ಸ್ ಮರದ ಅಚ್ಚುಗಳಿಂದ ಬಣ್ಣದ ಚಿತ್ರಗಳನ್ನು ಕಡಿಮೆ ಬೆಲೆಗೆ ಮುದ್ರಿಸುವುದನ್ನು ಸಾಧಿಸಿದ ಮೇಲೆ, ಅವನಿಗಾಗಿ ರ‍್ಯಾಂಡಾಲ್ಫ್ ಕಾಲ್ಡೆಕಾಟ್ 1878ರಿಂದ ಮುಂದಿನ ಕೆಲವು ವರ್ಷ ರಚಿಸಿದ ಪುಸ್ತಕಗಳಲ್ಲಿ ಚಿತ್ರವು ಪದ್ಯದ ಅಲಂಕಾರವಾಗಿ ಉಳಿಯದೆ, ಪದ್ಯ ಹೇಳದೆ ಬಿಟ್ಟದ್ದನ್ನು ತಾನೇ ಹೇಳತೊಡಗಿತು. 1902ರಲ್ಲಿ ಬಿಯಾಟ್ರಿಕ್ಸ್ ಪಾಟರ್ ಅವರ ‘ದಿ ಟೇಲ್ ಆಫ್ ಪೀಟರ್ ರ‍್ಯಾಬಿಟ್’ ಪುಟ್ಟ ಕೈಗಳಿಗೆ ಒಗ್ಗುವ ಪುಟ್ಟ ಆಕಾರದಲ್ಲಿ ಹೊರಬಂತು. ಮಾತು ಮತ್ತು ಚಿತ್ರ ಸೇರಿ ಒಂದೇ ಕಥೆ ಹೇಳುವ ಈ ರೂಪವನ್ನೇ ಇಂದು ಚಿತ್ರಪುಸ್ತಕ ಎನ್ನಲಾಗುತ್ತದೆ. ಚಿತ್ರ ಹೇಳುವುದೂ ಮಾತು ಹೇಳುವುದೂ ಪೂರ್ತಿ ಒಂದೇ ಆಗಿರದ ಕಾರಣ ಎರಡರ ನಡುವೆ ಒಂದಿಷ್ಟು ಎಡೆ ಉಳಿಯುತ್ತದೆ. ಮಗುವಿನ ಪ್ರಶ್ನೆಗಳು ಹುಟ್ಟುವುದು ಆ ಎಡೆಯಲ್ಲೇ.

ಪುಸ್ತಕಗಳು ಹೀಗೆ ಬೆಳೆಯುತ್ತಿದ್ದಾಗ, ಶಿಕ್ಷಣಶಾಸ್ತ್ರ ಅದಕ್ಕೆ ಎದುರಾದ ದಿಕ್ಕಿನಲ್ಲಿ ನಡೆದಿತ್ತು. ಅಮೆರಿಕದಲ್ಲಿ 1931ರಲ್ಲಿ ಮೇಬಲ್ ಮಾರ್ಫೆಟ್ ಮತ್ತು ಕಾರ್ಲ್‌ಟನ್ ವಾಶ್‌ಬರ್ನ್ ಪ್ರಕಟಿಸಿದ ಅಧ್ಯಯನವು, ಮಾನಸಿಕ ವಯಸ್ಸು ಆರೂವರೆ ತುಂಬುವವರೆಗೆ ಓದು ಕಲಿಸುವುದನ್ನು ತಡೆಹಿಡಿಯುವುದೇ ಲೇಸೆಂದು ಹೇಳಿತು. ‘ಓದಿನ ಸಿದ್ಧತೆ’ ಎಂದು ಹೆಸರಾದ ಈ ವಾದದ ಪ್ರಕಾರ ಓದುವ ಶಕ್ತಿಯು ಮಗುವಿನಲ್ಲಿ ತಾನಾಗಿ ಪಕ್ವವಾಗಬೇಕು. ಅದಕ್ಕೆ ಮುಂಚೆ ನಡೆಯುವುದೆಲ್ಲ ಕಾಲಹರಣ. ಒಂದೇ ಊರಿನ ಶಾಲೆಗಳಿಂದ ಬಂದ ಈ ತೀರ್ಮಾನವನ್ನು ಹಲವು ದಶಕಗಳ ಕಾಲ ನಿಯಮದಂತೆ ಪಾಲಿಸಲಾಯಿತು ಎಂಬುದು ಶಿಕ್ಷಣದ ಚರಿತ್ರೆಯಲ್ಲಿ ವಿಷಾದ ಹುಟ್ಟಿಸುವ ಸಂಗತಿ, ಏಕೆಂದರೆ ಅದರಿಂದಾಗಿ ಹುಟ್ಟಿನಿಂದ ಆರನೆಯ ವಯಸ್ಸಿನವರೆಗಿನ ಅವಧಿ ಓದಿನ ಲೆಕ್ಕದಿಂದಲೇ ಹೊರಗುಳಿಯಿತು.

ಈ ಎಣಿಕೆಯನ್ನು ಸಡಿಲಗೊಳಿಸಿದವರಲ್ಲಿ ನ್ಯೂಜಿಲೆಂಡಿನ ಮೇರಿ ಕ್ಲೇ ಪ್ರಮುಖರು. ಆಕ್ಲೆಂಡ್‌ನಲ್ಲಿ ಆಗತಾನೇ ಶಾಲೆಗೆ ಸೇರಿದ ಐದು ವರ್ಷದ ಮಕ್ಕಳನ್ನು ವಾರವಾರವೂ ಗಮನಿಸಿ 1966ರಲ್ಲಿ ಮುಗಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಅವರು, ಓದು ಒಂದು ದಿನ ಆರಂಭವಾಗುವ ಕೆಲಸವಲ್ಲ, ಹಂತಹಂತವಾಗಿ ಚಿಗುರುತ್ತ ಬರುವ ನಡವಳಿಕೆ ಎಂದು ತೋರಿಸಿದರು. ಅವರು ರೂಪಿಸಿದ ಒಂದು ಪರೀಕ್ಷೆ ಈ ನಿಲುವನ್ನು ಚೆನ್ನಾಗಿ ವಿವರಿಸುತ್ತದೆ. ಅದರಲ್ಲಿ ಮಗುವಿನ ಕೈಗೆ ಒಂದು ಪುಟ್ಟ ಪುಸ್ತಕವನ್ನು ಕೊಟ್ಟು, ಇದರ ಮುಂಭಾಗ ಯಾವುದು, ಓದಲು ಎಲ್ಲಿಂದ ತೊಡಗಬೇಕು, ಈ ಸಾಲು ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಎಂದು ಕೇಳಲಾಗುತ್ತದೆ. ಕೆಲವು ಪುಟಗಳಲ್ಲಿ ಚಿತ್ರವನ್ನು ಬೇಕೆಂದೇ ತಲೆಕೆಳಗಾಗಿ, ಸಾಲುಗಳನ್ನು ಹಿಂದುಮುಂದಾಗಿ ಮುದ್ರಿಸಲಾಗಿದ್ದು, ಮಗು ಅದನ್ನು ಗುರುತಿಸುವುದೇ ಎಂದು ನೋಡಲಾಗುತ್ತದೆ. ಒಂದೂ ಅಕ್ಷರ ಬಾರದ ಮಗುವಿಗೂ ಈ ಪ್ರಶ್ನೆಗಳಲ್ಲಿ ಹಲವಕ್ಕೆ ಉತ್ತರ ಗೊತ್ತಿರಬಹುದು; ಗೊತ್ತಿದ್ದರೆ ಅದಕ್ಕೆ ಯಾರೋ ಪುಸ್ತಕ ತೋರಿಸಿದ್ದಾರೆ ಎಂದೇ ಅರ್ಥ. ಪುಸ್ತಕ ಹಿಡಿಯುವ ರೀತಿ, ಪುಟ ತಿರುವುವ ದಿಕ್ಕು, ಮಾತಿಗೂ ಗುರುತಿಗೂ ಇರುವ ನಂಟಿನ ಅರಿವು, ಪದಸಂಪತ್ತು, ಕಥೆಯ ಜಾಡು ಹಿಡಿಯುವ ಶಕ್ತಿ ಇವೆಲ್ಲವನ್ನೂ ಒಳಗೊಂಡ ಈ ಪೂರ್ವಭಾವಿ ಕಲಿಕೆಗೆ ಇಂದು ‘ಆರಂಭಿಕ ಸಾಕ್ಷರತೆ’ ಎಂಬ ಹೆಸರು ನಿಂತಿದೆ.

ಆದರೆ ಆ ಕಲಿಕೆ ನಡೆಯುವುದು ಹೇಗೆ ಎಂಬುದಕ್ಕೆ ಹತ್ತಿರದ ನೋಟ ಬೇಕಿತ್ತು. ಅದನ್ನು ಕೊಟ್ಟದ್ದು 1978ರಲ್ಲಿ ಅನಾತ್ ನಿನಿಯೊ ಮತ್ತು ಜೆರೋಮ್ ಬ್ರೂನರ್ ಪ್ರಕಟಿಸಿದ ಒಂದು ಲೇಖನ. ಒಬ್ಬ ತಾಯಿ ಮತ್ತು ಒಂದು ಮಗು ಒಟ್ಟಿಗೆ ಕಳೆದ ಸಮಯವನ್ನು, ಮಗುವಿಗೆ ಎಂಟು ತಿಂಗಳಾದಾಗಿನಿಂದ ಒಂದೂವರೆ ವರ್ಷವಾಗುವವರೆಗೆ ವಿಡಿಯೊದಲ್ಲಿ ದಾಖಲಿಸಿ, ಅವರು ಪ್ರತಿ ನುಡಿಯನ್ನೂ ಬಿಡಿಸಿ ನೋಡಿದರು. ಚಿತ್ರಪುಸ್ತಕ ತೆರೆದಾಗಲೆಲ್ಲ ತಾಯಿಯ ಮಾತು ನಾಲ್ಕು ಹೆಜ್ಜೆಗಳಲ್ಲಿ ಸಾಗುತ್ತಿತ್ತು: ಮೊದಲು ನೋಡು ಎಂದು ಗಮನ ಸೆಳೆಯುವುದು, ಬಳಿಕ ಅದೇನೆಂದು ಕೇಳುವುದು, ಆಮೇಲೆ ಹೆಸರು ಹೇಳುವುದು, ಕೊನೆಗೆ ಮಗುವಿನ ಪ್ರತಿಕ್ರಿಯೆಗೆ ಹೌದೆಂದು ಒಪ್ಪಿಗೆ ಕೊಡುವುದು. ಗಮನಿಸಬೇಕಾದದ್ದು ಈ ಸರಣಿಯೊಳಗೆ ತಾಯಿ ಮಗುವಿಗೆ ಬಿಡುತ್ತಿದ್ದ ಜಾಗವನ್ನು. ಮಾತು ಬಾರದ ಮಗು ನಕ್ಕರೂ, ಬೆರಳು ತೋರಿದರೂ, ತೊದಲಿದರೂ ಆಕೆ ಅದನ್ನು ಉತ್ತರವೆಂದೇ ಸ್ವೀಕರಿಸಿ ಮುಂದುವರಿಯುತ್ತಿದ್ದಳು; ಮಗು ಬೆಳೆದಂತೆ ಅದೇ ತಾಯಿ ತೊದಲಿಗೆ ತೃಪ್ತಳಾಗದೆ, ಪದ ಬರುವವರೆಗೆ ಕಾಯತೊಡಗಿದಳು. ಮಗು ಹೆಸರುಗಳನ್ನು ಕಲಿತದ್ದು ಅವನ್ನು ಕೇಳಿದ್ದರಿಂದ ಮಾತ್ರವಲ್ಲ, ಸಂಭಾಷಣೆಯಲ್ಲಿ ತನ್ನ ಸರದಿಯನ್ನು ಅರಿತದ್ದರಿಂದ ಎಂಬುದು ಲೇಖಕರ ವಾದ. ಕೊಮೇನಿಯಸ್ ಸೂಚಿಸಿದ ಪ್ರಶ್ನೆ ಏನು ಕೆಲಸ ಮಾಡುತ್ತದೆಂಬುದು ಹೀಗೆ ಕಣ್ಣಿಗೆ ಕಾಣುವಂತಾಯಿತು.

ಒಂದು ಮಗುವಿನ ದಾಖಲೆಯಿಂದ ನಿಯಮ ಕಟ್ಟಲಾಗದು. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಈ ಕ್ಷೇತ್ರದಲ್ಲಿ ವಿಶೇಷ ಸ್ಥಾನವಿರುವುದು ಅದಕ್ಕಾಗಿಯೇ. ಸುಮಾರು 30 ಮಧ್ಯಮವರ್ಗದ ಕುಟುಂಬಗಳನ್ನು, ಅಂದರೆ 21ರಿಂದ 35 ತಿಂಗಳೊಳಗಿನ ಮಕ್ಕಳಿದ್ದ ಮನೆಗಳನ್ನು, ಎರಡು ಗುಂಪು ಮಾಡಿ ಒಂದು ಗುಂಪಿನ ಪಾಲಕರಿಗೆ ಅಲ್ಪಾವಧಿಯ ತರಬೇತಿ ನೀಡಲಾಯಿತು: ಪಠ್ಯವನ್ನು ಓದಿ ಮುಗಿಸುವ ಬದಲು, ಹೌದು ಅಥವಾ ಇಲ್ಲ ಎಂಬಷ್ಟಕ್ಕೇ ಮುಗಿಯದ ಪ್ರಶ್ನೆಗಳನ್ನು ಕೇಳುವುದು, ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ಮರಳಿ ಹೇಳುವುದು, ಮಗುವನ್ನೇ ಕಥೆ ಹೇಳುವವರ ಸ್ಥಾನದಲ್ಲಿ ನಿಲ್ಲಿಸುವುದು. ಮಗು ನಾಯಿ ಎಂದರೆ, ಹೌದು, ಅದು ಮಳೆಯಲ್ಲಿ ನೆನೆದ ನಾಯಿ ಎಂದು ಬೆಳೆಸುವುದು ಈ ಕ್ರಮದ ಒಂದು ಮಾದರಿ. ಮತ್ತೊಂದು ಗುಂಪಿನವರೂ ಅಷ್ಟೇ ಬಾರಿ ಓದಿದರು, ತಮ್ಮ ಎಂದಿನ ರೀತಿಯಲ್ಲಿ. ಒಂದು ತಿಂಗಳು ಕಳೆದ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ, ಮಾತಿನಲ್ಲಿ ವ್ಯಕ್ತಪಡಿಸುವ ಸಾಮರ್ಥ್ಯವನ್ನು ಅಳೆಯುವ ಒಂದರಲ್ಲಿ ಮೊದಲ ಗುಂಪಿನ ಮಕ್ಕಳು ಎಂಟೂವರೆ ತಿಂಗಳಷ್ಟೂ, ಪದಸಂಪತ್ತನ್ನು ಅಳೆಯುವ ಇನ್ನೊಂದರಲ್ಲಿ ಆರು ತಿಂಗಳಷ್ಟೂ ಮುಂದಿದ್ದರು. ಓದಿನ ಪ್ರಮಾಣ ಸಮನಾಗಿದ್ದು ಮಾತಿನ ರೀತಿಯಷ್ಟೇ ಬೇರೆಯಾಗಿದ್ದುದರಿಂದ ಈ ಅಂತರಕ್ಕೆ ಮಾತುಕತೆಯೇ ಕಾರಣವೆಂದು ಹೇಳುವುದು ಸಾಧ್ಯವಾಯಿತು. ಈ ವಿಧಾನವನ್ನು ‘ಸಂವಾದಾತ್ಮಕ ಓದು’ ಎಂದು ಕರೆಯಬಹುದು.

ಇಂಥ ಫಲಿತಾಂಶಗಳು ಕೇಳಲು ಹಿತವಾಗಿರುವುದರಿಂದಲೇ ಅವುಗಳ ಮಿತಿಯನ್ನೂ ಹೇಳಬೇಕಾಗುತ್ತದೆ. ಆಡ್ರಿಯಾನ ಬಸ್ ಮತ್ತು ಸಹಸಂಶೋಧಕರು 1995ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಮಕ್ಕಳ ಭಾಷೆ ಮತ್ತು ಓದಿನ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸದ ಶೇ. 8ರಷ್ಟನ್ನು ಮಾತ್ರ ಪಾಲಕರ ಓದು ವಿವರಿಸಬಲ್ಲುದೆಂದು ಕಂಡುಬಂತು. ಕಣ್ಣಿನ ಚಲನೆಯನ್ನು ದಾಖಲಿಸುವ ಉಪಕರಣದ ನೆರವಿನಿಂದ ಮೇರಿ ಆನ್ ಇವಾನ್ಸ್ ಮತ್ತು ಜೀನ್ ಸೇಂಟ್-ಆಬಿನ್ 2005ರಲ್ಲಿ ತೋರಿಸಿದಂತೆ, ದೊಡ್ಡವರು ಓದುತ್ತಿರುವಾಗ ಪುಟ್ಟ ಮಕ್ಕಳ ದೃಷ್ಟಿ ಬಹುಪಾಲು ಚಿತ್ರದ ಮೇಲಿದ್ದು, ಅಕ್ಷರಗಳ ಮೇಲೆ ಬೀಳುವುದೇ ಅಪರೂಪ. ಆದ್ದರಿಂದ ಚಿತ್ರಪುಸ್ತಕ ತೋರಿಸಿದರೆ ಮಗು ತಾನಾಗಿ ಅಕ್ಷರ ಕಲಿತುಬಿಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಕ್ಷರವನ್ನು ಬೇರೆಯಾಗಿಯೇ ಕಲಿಸಬೇಕು. ಆ ಅಕ್ಷರಗಳನ್ನು ಕೂಡಿಸಿ ಓದಿದಾಗ ಅರ್ಥವಾಗುವಂಥ ಪದಗಳು ಮಗುವಿನ ಕಿವಿಯಲ್ಲಿ ಮೊದಲೇ ನೆಲೆಸಿರುವಂತೆ ಮಾಡುವುದು ಚಿತ್ರಪುಸ್ತಕದ ಕೆಲಸ.

ಸಂಶೋಧನೆ ಹೀಗೆ ಸಾಗುತ್ತಿದ್ದಾಗಲೇ ಪುಸ್ತಕವನ್ನು ಮನೆಮನೆಗೆ ತಲುಪಿಸುವ ಯತ್ನಗಳೂ ಶುರುವಾದವು. 1989ರಲ್ಲಿ ಬಾಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯ ಮಕ್ಕಳ ವೈದ್ಯರು, ಸರದಿಗಾಗಿ ಕಾಯುವ ಕೋಣೆಯಲ್ಲಿ ಇಡುತ್ತಿದ್ದ ಪುಸ್ತಕಗಳು ಮಾಯವಾಗುತ್ತಿರುವುದನ್ನು ಕಂಡು, ಬಡ ಕುಟುಂಬಗಳಿಗೆ ಅವು ಬೇಕಾಗಿವೆ ಎಂದು ಅದರಿಂದ ತಿಳಿದು, ತಪಾಸಣೆಗೆ ಬಂದ ಮಗುವಿಗೆ ವೈದ್ಯರೇ ಪುಸ್ತಕ ಕೊಡುವ ‘ರೀಚ್ ಔಟ್ ಅಂಡ್ ರೀಡ್’ ಯೋಜನೆಯನ್ನು ಆರಂಭಿಸಿದರು. ಮಗು ಪುಸ್ತಕವನ್ನು ಹೇಗೆ ಹಿಡಿಯುತ್ತದೆ, ಯಾವ ಚಿತ್ರದತ್ತ ಬೆರಳು ಚಾಚುತ್ತದೆ ಎಂಬುದು ವೈದ್ಯರಿಗೆ ಬೆಳವಣಿಗೆಯ ಗುರುತಾಗಿಯೂ ಒದಗಿತು. 1992ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 300 ಶಿಶುಗಳೊಂದಿಗೆ ‘ಬುಕ್‌ಸ್ಟಾರ್ಟ್’ ತೊಡಗಿ, ಮುಂದಿನ ದಶಕದ ಹೊತ್ತಿಗೆ ಜಪಾನನ್ನೂ ಮುಟ್ಟಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಶೈಶವದಿಂದಲೇ ಗಟ್ಟಿಯಾಗಿ ಓದಿ ಹೇಳುವಂತೆ ಪಾಲಕರಿಗೆ ಸಲಹೆ ನೀಡುವುದನ್ನು ಮಕ್ಕಳ ಆರೈಕೆಯ ಅಂಗವೆಂದು ಸಾರಿತು.

ಕನ್ನಡದ ದಾರಿ ಬೇರೆಯಾದುದು. ಪಂಜೆ ಮಂಗೇಶರಾಯರು ಮತ್ತು ಜಿ. ಪಿ. ರಾಜರತ್ನಂ ಕಟ್ಟಿದ ಶಿಶುಸಾಹಿತ್ಯ ಪ್ರಧಾನವಾಗಿ ಕಿವಿಯ ಸಾಹಿತ್ಯ. ಹಾಡಿ, ಕುಣಿದು, ಬಾಯಿಪಾಠವಾಗಿ ಉಳಿದದ್ದು. ಬಣ್ಣದ ಮುದ್ರಣದ ವೆಚ್ಚವನ್ನು ಒಂದು ಭಾಷೆಯ ಮಾರುಕಟ್ಟೆ ತಾಳಿಕೊಳ್ಳುವುದು ಕಷ್ಟವಾದ್ದರಿಂದ, ಎಳೆಯರ ಚಿತ್ರಪುಸ್ತಕ ಇಲ್ಲಿ ನೆಲೆಯೂರಲು ಬೇರೆ ಉಪಾಯ ಬೇಕಾಯಿತು. ಚಿತ್ರಗಳನ್ನು ಹಾಗೆಯೇ ಇಟ್ಟುಕೊಂಡು ಪಠ್ಯವನ್ನಷ್ಟೇ ಬದಲಿಸಿ ಹಲವು ಭಾರತೀಯ ಭಾಷೆಗಳಲ್ಲಿ ಒಂದೇ ಪುಸ್ತಕ ತರುವ ಕ್ರಮವನ್ನು ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಅನುಸರಿಸಿತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಇದನ್ನು ಇನ್ನಷ್ಟು ಮುಂದೊಯ್ದು, 2015ರಲ್ಲಿ ‘ಸ್ಟೋರಿವೀವರ್’ ಎಂಬ ಡಿಜಿಟಲ್ ಭಂಡಾರವನ್ನು ತೆರೆಯಿತು. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ, ಅನುವಾದಿಸಬಹುದಾದ ಮುಕ್ತ ಪರವಾನಗಿಯಿಂದಾಗಿ ಕನ್ನಡದ ಎಳೆಯರಿಗೆ ಹಿಂದೆಂದೂ ಇಲ್ಲದಷ್ಟು ಚಿತ್ರಕಥೆಗಳು ಕೈಗೆಟುಕಿವೆ.

ಕನ್ನಡದ ಮಗುವಿಗೆ ಅವು ಏಕೆ ಹೆಚ್ಚು ಬೇಕು ಎಂಬುದಕ್ಕೆ ಲಿಪಿಯಲ್ಲೇ ಒಂದು ಕಾರಣವಿದೆ. ವರ್ಣಮಾಲೆಯನ್ನು ಕಲಿತರೆ ಮುಗಿಯಲಿಲ್ಲ. ಕಾಗುಣಿತ, ಒತ್ತಕ್ಷರಗಳು ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರಾಗುತ್ತವೆ. ಕನ್ನಡ ಓದುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಅಕ್ಷರಜ್ಞಾನ ಪೂರ್ತಿಯಾಗಲು ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆಂದು ತೋರಿಸಿತು. ಅಷ್ಟು ದೀರ್ಘ ಕಾಲ ಅಕ್ಷರದೊಡನೆ ಸೆಣಸಬೇಕಾದ ಮಗುವಿಗೆ ಆ ವರ್ಷಗಳಲ್ಲಿ ಕಥೆಯ ಸವಿ ಇನ್ನೊಬ್ಬರ ದನಿಯಿಂದಲೇ ಸಿಗಬೇಕು. ಜೊತೆಗೆ ಮನೆಯಲ್ಲಿ ಬರ್ತಾನೆ, ಹೋಗ್ತಾಳೆ ಎಂದು ಕೇಳಿದ ಕಿವಿಗೆ ಬರುತ್ತಾನೆ, ಹೋಗುತ್ತಾಳೆ ಎಂಬ ಗ್ರಂಥದ ನುಡಿ ಪರಿಚಯವಾಗುವುದೂ ಹೀಗೆ ಓದಿಸಿಕೊಂಡಾಗಲೇ. ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿಗಂತೂ ಈ ಅಂತರ ಇನ್ನೂ ದೊಡ್ಡದು.

ಈ ಓದು ನಡೆಯಬಹುದಾದ ಸಾರ್ವಜನಿಕ ಜಾಗ ಕರ್ನಾಟಕದ ಹಳ್ಳಿಗಳಲ್ಲಿ ಅಂಗನವಾಡಿ. 1975ರಲ್ಲಿ ದೇಶದಾದ್ಯಂತ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ ಕೇಂದ್ರಗಳಲ್ಲಿ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಆದರೆ ಊಟ, ತೂಕ, ಲಸಿಕೆ, ದಾಖಲೆಗಳ ಹೊರೆ ಹೊತ್ತ ಕಾರ್ಯಕರ್ತೆ ಇಡೀ ಗುಂಪಿನ ಮುಂದೆ ಒಂದು ಪುಸ್ತಕ ಎತ್ತಿ ಹಿಡಿದರೆ ಪ್ರತಿ ಮಗುವಿಗೂ ಉತ್ತರಿಸುವ ಸರದಿ ಬರುವುದಿಲ್ಲ. ವೈಟ್‌ಹರ್ಸ್ಟ್ ತಂಡವೇ 1994ರಲ್ಲಿ ಬಡ ಕುಟುಂಬಗಳ ಮಕ್ಕಳ ಶಿಶುಕೇಂದ್ರಗಳಲ್ಲಿ ಸಂವಾದಾತ್ಮಕ ಓದನ್ನು ಪ್ರಯೋಗಿಸಿದಾಗ ಒಮ್ಮೆಗೆ ಐದಕ್ಕಿಂತ ಹೆಚ್ಚು ಮಕ್ಕಳನ್ನು ಕೂರಿಸಲಿಲ್ಲ, ಮತ್ತು ಮನೆಯಲ್ಲಿಯೂ ಓದು ಮುಂದುವರಿದ ಮಕ್ಕಳಿಗೆ ಹೆಚ್ಚಿನ ಲಾಭವಾಯಿತು. ಪುಸ್ತಕ ಹಂಚುವ ಯೋಜನೆಗಳು ಮೊದಲು ಲೆಕ್ಕ ಹಾಕಬೇಕಾದದ್ದು ಇದನ್ನೇ: ಎಷ್ಟು ಪ್ರತಿಗಳು ಎಂಬುದಕ್ಕಿಂತ, ಒಂದು ಪ್ರತಿಯ ಸುತ್ತ ಎಷ್ಟು ಮಕ್ಕಳು, ಎಷ್ಟು ಹೊತ್ತು. ಅದರ ಜೊತೆಗೆ ಆ ಪ್ರತಿ ಸಂಜೆ ಮಗುವಿನೊಂದಿಗೆ ಮನೆಗೆ ಹೋಗುವಂತಿರಬೇಕು, ಏಕೆಂದರೆ ನಿನಿಯೊ ಮತ್ತು ಬ್ರೂನರ್ ಗುರುತಿಸಿದ ಆ ನಾಲ್ಕು ಹೆಜ್ಜೆಗಳಲ್ಲಿ ಒಂದಕ್ಕೂ ಅಕ್ಷರ ಬರಬೇಕಾದ ಅಗತ್ಯವಿಲ್ಲ. ಶಾಲೆಯ ಮುಖ ಕಾಣದ ಅಜ್ಜಿಯೂ ತನ್ನ ಮನೆಮಾತಿನಲ್ಲೇ ಚಿತ್ರದ ಮೇಲೆ ಬೆರಳಿಟ್ಟು ಇದೇನೆಂದು ಕೇಳಬಲ್ಲಳು, ಉತ್ತರಕ್ಕಾಗಿ ಕಾಯಬಲ್ಲಳು.