ತೊಟ್ಟಿಲು ತೂಗುವವರ ಲೆಕ್ಕ

ಕೊಪ್ಪಳ ತಾಲ್ಲೂಕಿನ ಅಳವಂಡಿ ಎರೆಹೊಲಗಳ ಹೋಬಳಿ. ಮಳೆ ಬಿದ್ದು ಕಳೆ ಎದ್ದರೆ ನಾಳೆ ನಾಡಿದ್ದು ಎನ್ನುವಂತಿಲ್ಲ. ಈರುಳ್ಳಿ ಇರಲಿ, ಮೆಕ್ಕೆಜೋಳ ಇರಲಿ, ಸಾಲು ಹಿಡಿದು ಕಳೆ ಕೀಳುವವರು ಹೆಣ್ಣುಮಕ್ಕಳೇ. ಆ ಹೊತ್ತಿಗೆ ಮನೆಯಲ್ಲಿರುವ ವರ್ಷದ ಕೂಸು ಯಾರ ಪಾಲು? ಅಜ್ಜಿಯ ಕೈಕಾಲು ಗಟ್ಟಿಯಿದ್ದರೆ ಅಜ್ಜಿಯ ಪಾಲು. ಇಲ್ಲದಿದ್ದರೆ ಆವತ್ತು ಶಾಲೆ ತಪ್ಪಿಸಿದ ಅಕ್ಕನ ಪಾಲು. ಅವಳೂ ಇಲ್ಲವೆಂದರೆ ಹೊಲದ ಬೇವಿನ ಮರಕ್ಕೆ ಕಟ್ಟಿದ ಹಳೇ ಸೀರೆಯ ಜೋಳಿಗೆ.

ಅಂಗನವಾಡಿ ಇದೆಯಲ್ಲ ಎಂದು ಪೇಟೆಯವರು ಕೇಳಬಹುದು. ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಅಲ್ಲಿ ಬಂದು ಕೂರುವವರು 3ರಿಂದ 6 ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಚುಚ್ಚುಮದ್ದಿನ ದಿನ ಕರೆ ಬರುತ್ತದೆ, ಹಗಲಿಡೀ ಎತ್ತಿಕೊಂಡಿರಲು ಮಾತ್ರ ಯಾರೂ ಸಿಗುವುದಿಲ್ಲ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಇರುವ ಕಡೆ ಅದನ್ನು ನಿರೀಕ್ಷಿಸುವುದೂ ತಪ್ಪು. ಆ ಕಾರ್ಯಕರ್ತೆಯೇ ತೂಕ ಹಾಕಬೇಕು, ಮನೆ ಮನೆ ಸಮೀಕ್ಷೆಗೆ ಹೋಗಬೇಕು, 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು.

ಉದ್ಯೋಗ ಖಾತ್ರಿ ಕೆಲಸಕ್ಕೆ ಬರುವ ತಾಯಂದಿರ ವಿಷಯದಲ್ಲಿ ಕಾನೂನು ಮೊದಲಿನಿಂದಲೂ ಉದಾರಿ. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಕೂಲಿಯವರಲ್ಲೇ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ಬಿಡಬೇಕು, ಆಕೆಗೂ ಪೂರ್ತಿ ಕೂಲಿ ಕೊಡಬೇಕು ಎಂದು 2005ರ ಕಾಯ್ದೆ ಹೇಳಿತ್ತು. ಬದು ಹಾಕುವ ಬಿಸಿಲಲ್ಲಿ ಇದು ಜಾರಿಯಾದದ್ದು ಕಡಿಮೆ. ನೆರಳೇ ಇಲ್ಲದ ಕಡೆ ಐದು ಕೂಸುಗಳನ್ನು ಹಿಡಿದು ಕೂರುವುದು ಬುಟ್ಟಿ ಹೊರುವುದಕ್ಕಿಂತ ಕಷ್ಟ.

ಮುಖ್ಯಮಂತ್ರಿ ಸಿದ್ದರಾಮಯ್ಯ 2023ರ ಜುಲೈ ಬಜೆಟ್‌ನಲ್ಲಿ ಪ್ರಕಟಿಸಿದ ‘ಕೂಸಿನ ಮನೆ’ ಈ ಕೆಲಸವನ್ನು ಬಿಸಿಲಿನಿಂದ ಸೂರಿನಡಿ ತಂದಿತು. ರಾಜ್ಯದ 4000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದು ಗುರಿ. ಕೂಸುಗಳನ್ನು ನೋಡಿಕೊಳ್ಳುವವರು ಅದೇ ಊರಿನ, ಜಾಬ್ ಕಾರ್ಡ್ ಇರುವ ಹೆಣ್ಣುಮಕ್ಕಳು. ಕಡತದಲ್ಲಿ ಅವರ ಹೆಸರು ‘ಆರೈಕೆದಾರರು’. ಕೇಂದ್ರಕ್ಕೆ ಸುಮಾರು ಹತ್ತು ಮಂದಿಗೆ ತರಬೇತಿ ಕೊಟ್ಟು ಸರದಿಯಂತೆ ಇಬ್ಬಿಬ್ಬರನ್ನು ಕೆಲಸಕ್ಕೆ ಹಾಕಿಕೊಳ್ಳುವುದು, ಕೂಲಿಯನ್ನು ಖಾತ್ರಿ ಲೆಕ್ಕದಲ್ಲೇ ಕೊಡುವುದು ಎಂದು ಯೋಜನೆ ಹೇಳಿತು. ತರಬೇತಿಗೆ ಕೈಜೋಡಿಸಿದ ದೆಹಲಿಯ ಮೊಬೈಲ್ ಕ್ರೆಚಸ್ ಸಂಸ್ಥೆ ಹುಟ್ಟಿದ್ದು 1969ರಲ್ಲಿ. ಗಾಂಧಿ ಶತಮಾನೋತ್ಸವದ ಕಟ್ಟಡ ಕಾಮಗಾರಿಯಲ್ಲಿ ದೂಳಿನ ನಡುವೆ ಮಲಗಿದ್ದ ಕೂಲಿಯವರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಅದನ್ನು ಶುರುಮಾಡಿದರು. ಕುಷ್ಟಗಿ, ಯಲಬುರ್ಗಾದಿಂದ ಗುಳೆ ಹೋದವರ ಮಕ್ಕಳು ಬೆಂಗಳೂರು, ಗೋವಾದ ಕಟ್ಟಡಗಳ ಕೆಳಗೆ ಬೆಳೆಯುವುದನ್ನು ಕಂಡವರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತು ಮಂದಿ ಯಾಕೆ ಬೇಕು? 2005ರ ಕಾಯ್ದೆಯ ಖಾತ್ರಿಯಲ್ಲಿ ಒಂದು ಮನೆತನಕ್ಕೆ ವರ್ಷಕ್ಕೆ 100 ದಿನದ ಕೆಲಸವಿತ್ತು. ಕೇಂದ್ರ ವರ್ಷಕ್ಕೆ 300 ದಿನ ತೆರೆದಿದ್ದು ದಿನಕ್ಕೆ ಇಬ್ಬರು ಕೂತರೆ 600 ಆಳುದಿನ ಬೇಕು. ಆರು ಮಂದಿಯ ನೂರು ನೂರು ದಿನ ಅಲ್ಲಿಗೆ ಮುಗಿಯಿತು. ಗಂಡನೋ ಅತ್ತೆಯೋ ಕೆರೆ ಹೂಳು ಎತ್ತಲು ಹೋಗಿ ಅದೇ ನೂರರಲ್ಲಿ ನಲವತ್ತು ದಿನ ಬಳಸಿದ್ದರೆ ಆರು ಮಂದಿಯೂ ಸಾಲುವುದಿಲ್ಲ. 2025-26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಪೂರ್ತಿ ನೂರು ದಿನ ದುಡಿದರೂ ಆರೈಕೆದಾರಳ ವರ್ಷದ ಗಳಿಕೆ 37,000 ರೂಪಾಯಿ.

ಯೋಜನೆಯ ಜಾಣತನವೂ ಬಡತನವೂ ಈ ಲೆಕ್ಕದಲ್ಲೇ ಇವೆ. ಹೊಸ ಹುದ್ದೆ ಹುಟ್ಟಿಸದೆ, ಇರುವ ಕೂಲಿಯಲ್ಲೇ ಸಾವಿರಾರು ಕೇಂದ್ರ ನಡೆಸಲು ದಾರಿ ಸಿಕ್ಕಿತು. ಆದರೆ ಒಂದೂವರೆ ವರ್ಷದ ಕೂಸಿಗೆ ಕಾಯ್ದೆಯ ನೂರು ದಿನ ತಿಳಿಯದು. ಅದಕ್ಕೆ ಬೇಕಾದದ್ದು ನಿನ್ನೆ ಕಂಡ ಮುಖ. ತರಬೇತಿ ಪಡೆದಾಕೆ ಮೂರು ತಿಂಗಳಿಗೆ ಮನೆಗೆ ಹೋದರೆ ಕಲಿತದ್ದೂ ಅವಳ ಜೊತೆಗೇ ಹೋಗುತ್ತದೆ.

ಒಂದು ಸಣ್ಣ ಕೇಂದ್ರ ಒಂಟಿಯಾಗಿ ಈ ಕಷ್ಟ ಬಗೆಹರಿಸಿಕೊಳ್ಳಲಾರದು, ಅದು ಪಂಚಾಯಿತಿಯದಾಗಲಿ, ಬೆಂಗಳೂರಿನ ಬಡಾವಣೆಯಲ್ಲಿ ಮನೆಯ ಕೆಳಮಹಡಿಯಲ್ಲಿ ನಡೆಯುವ ಡೇ ಕೇರ್ ಆಗಲಿ. ಹದಿನೈದು ಮಕ್ಕಳ ಶುಲ್ಕದಲ್ಲಿ ಅಡುಗೆಯವರು, ಲೆಕ್ಕ ಬರೆಯುವವರು, ರಜೆ ಹಾಕಿದವರ ಬದಲಿಗೆ ಬರುವವರು ಎಲ್ಲರನ್ನೂ ಸಾಕಲಾಗದು. ಹೀಗಾಗಿ ಮಾಲೀಕಳೇ ಎಲ್ಲವೂ ಆಗುತ್ತಾಳೆ, ಸಹಾಯಕಿಯ ಸಂಬಳ ಮೇಲೇಳುವುದಿಲ್ಲ. ಅಮೆರಿಕದಲ್ಲಿ ಇಂಥ ಕೇಂದ್ರಗಳ ಹಣಕಾಸನ್ನು ಅಧ್ಯಯನ ಮಾಡಿದ ಲೂಯಿಸ್ ಸ್ಟೋನಿ ಮೂರು ವಿಷಯ ನೋಡಲು ಹೇಳಿದರು: ಇರುವ ಜಾಗವೆಲ್ಲ ತುಂಬಿದೆಯೇ, ಶುಲ್ಕ ಪೂರ್ತಿ ವಸೂಲಾಗುತ್ತಿದೆಯೇ, ಒಂದು ಮಗುವಿಗೆ ತಗಲುವ ಖರ್ಚು ಆ ಆದಾಯದಲ್ಲಿ ಹುಟ್ಟುತ್ತದೆಯೇ. ಸಿಯಾಟಲ್‌ನ ಸೌಂಡ್ ಚೈಲ್ಡ್ ಕೇರ್ ಸಲ್ಯೂಷನ್ಸ್‌ನಲ್ಲಿ ಹಲವು ಕೇಂದ್ರಗಳು ತಮ್ಮ ತಮ್ಮ ಹೆಸರು ಉಳಿಸಿಕೊಂಡೇ ಲೆಕ್ಕಪತ್ರ, ಸಂಬಳ ಬಟವಾಡೆ, ನೇಮಕಾತಿಯ ಕೆಲಸವನ್ನು ಒಂದೆಡೆ ಕೂಡಿಸಿಕೊಂಡವು. ನಮ್ಮ ರೈತರು ಬಿತ್ತನೆ ಕಾಲದಲ್ಲಿ ಮಾಡುವ ಮುಯ್ಯಾಳಿನ ಹಾಗೆ: ಹೊಲ ಅವರವರದೇ, ಆಳುಬಲ ಎಲ್ಲರದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯ ನೆರಳಲ್ಲಿ 1986ರಲ್ಲಿ ‘ಸಂಗಿನಿ’ ಎಂಬ ಶಿಶುಪಾಲನಾ ಸಹಕಾರ ಸಂಘ ಬಂತು. ಬೀದಿ ವ್ಯಾಪಾರ, ಬೀಡಿ ಕಟ್ಟುವ ಕೆಲಸದ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೇ ಅದರ ಸದಸ್ಯರು. ಕೇಂದ್ರ ತೆರೆಯುವ ಹೊತ್ತು ತಾಯಂದಿರ ದುಡಿಮೆಯ ಹೊತ್ತನ್ನು ನೋಡಿ ನಿಗದಿಯಾಗುತ್ತದೆ, ಪೋಷಕರೂ ಒಂದಿಷ್ಟು ಶುಲ್ಕ ಕೊಡುತ್ತಾರೆ. ಇಂಥ ಸಹಕಾರ ಸಂಘಗಳಿಗೆ ಆಡಿಟ್, ತರಬೇತಿ, ಕಾನೂನಿನ ಕೆಲಸ ಮಾಡಿಕೊಡಲು 1992ರಿಂದ ಸೇವಾದ ಒಕ್ಕೂಟವೊಂದಿದೆ. ತೊಟ್ಟಿಲು ತೂಗುವಾಕೆ ಇಲ್ಲಿ ಷೇರುದಾರಳು. ನೂರು ದಿನದ ಆಳಿಗೂ ಅವಳಿಗೂ ಇರುವ ಅಂತರ ಅಷ್ಟಿಷ್ಟಲ್ಲ.

ಹೀಗೆ ಕೆಲಸ ಕೂಡಿಸಿಕೊಳ್ಳುವುದು ಕರ್ನಾಟಕಕ್ಕೂ ಪೂರ್ತಿ ಹೊಸದಲ್ಲ. ಅಂಗನವಾಡಿಗಳಿಗೆ ಪೌಷ್ಟಿಕ ಹಿಟ್ಟು, ಮಿಶ್ರಣ ತಯಾರಿಸಿ ಕಳಿಸುವ ಎಂಎಸ್‌ಪಿಟಿಸಿ ಎಂಬ ಘಟಕಗಳು ಮಾಡುವುದು ಇದನ್ನೇ. ಒಂದು ಕಡೆ ಹೆಣ್ಣುಮಕ್ಕಳ ತಂಡ ಧಾನ್ಯ ಹುರಿದು, ಬೀಸಿ, ಪೊಟ್ಟಣ ಕಟ್ಟುತ್ತದೆ. ಸುತ್ತಲಿನ ನೂರಾರು ಅಂಗನವಾಡಿಗಳಿಗೆ ಖರೀದಿಯ ತಲೆಬಿಸಿ ತಪ್ಪುತ್ತದೆ. ಹಿಟ್ಟಿಗೆ ಆಗಿದ್ದು ಲೆಕ್ಕದ ಪುಸ್ತಕಕ್ಕೆ, ಬದಲಿ ಆಳಿಗೆ, ತರಬೇತಿಗೆ ಯಾಕೆ ಆಗಬಾರದು?

ಅಳವಂಡಿಯಂಥ ಹೋಬಳಿ ಕೇಂದ್ರ ಇದಕ್ಕೆ ಹೇಳಿಮಾಡಿಸಿದ ಅಳತೆಯದು. ಜಿಲ್ಲೆ ತೀರಾ ದೊಡ್ಡದು, ಒಂದು ಪಂಚಾಯಿತಿ ತೀರಾ ಚಿಕ್ಕದು. ಸುತ್ತಲಿನ ಕೂಸಿನ ಮನೆಗಳಿಗೆಲ್ಲ ಸೇರಿ ಪಳಗಿದ ಇಬ್ಬರು ಬದಲಿ ಆರೈಕೆದಾರರಿದ್ದರೆ ಒಬ್ಬಾಕೆಗೆ ಜ್ವರ ಬಂದ ದಿನ ಬಾಗಿಲು ಹಾಕಬೇಕಿಲ್ಲ. ಹಾಜರಿ, ಬಿಲ್ಲು ನೋಡಿಕೊಳ್ಳಲು ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಪುಸ್ತಕ ಬರೆಯುವ ಹೆಣ್ಣುಮಕ್ಕಳು ಈಗಾಗಲೇ ಇದ್ದಾರೆ. ತಿಂಗಳಿಗೊಮ್ಮೆ ಎಲ್ಲ ಕೇಂದ್ರಗಳ ಆರೈಕೆದಾರರು ಒಂದೆಡೆ ಕೂತರೆ ಮತ್ತೆ ಮತ್ತೆ ಭೇದಿಯಾಗುವ ಮಗುವಿಗೆ ಯಾರು ಏನು ಮಾಡಿದರು ಎಂಬುದು ಹತ್ತು ಜನಕ್ಕೆ ಗೊತ್ತಾಗುತ್ತದೆ.

ಹಂಚಿಕೊಳ್ಳಬಾರದ್ದೂ ಇದೆ. ಖರ್ಚು ಉಳಿಸುವ ನೆಪದಲ್ಲಿ ಊಟವನ್ನೂ ದೂರದಿಂದ ಟೆಂಪೊದಲ್ಲಿ ತರಿಸಿದರೆ ಮೆತ್ತಗಿನ ಬಿಸಿ ಅನ್ನ ತಿನ್ನಬೇಕಾದ ಕೂಸಿನ ಮುಂದೆ ಆರಿದ ಡಬ್ಬಿ ಬಂದು ಕೂರುತ್ತದೆ. ಉಳಿದ ಹಣ ಆರೈಕೆದಾರರ ಕೂಲಿಗೆ ಸೇರದೆ ಇನ್ಯಾವುದೋ ಬಾಬ್ತಿಗೆ ಹೋದರೆ ಇಡೀ ಏರ್ಪಾಡು ಬರೀ ಉಳಿತಾಯದ ಯೋಜನೆ. ಅಂಗನವಾಡಿಯವರ ಅನುಭವ ಈ ಮಾತಿಗೆ ಸಾಕ್ಷಿ. ದಶಕಗಟ್ಟಲೆ ‘ಗೌರವಧನ’ದ ಮೇಲೆ ದುಡಿದ ಅವರಿಗೆ ಗ್ರಾಚ್ಯುಟಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ, ಅಂದರೆ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿ 46 ವರ್ಷ ಕಳೆದ ಮೇಲೆ.

ಹೊಲದಾಚೆಗೂ ಈ ಪ್ರಶ್ನೆ ಬಂದಾಗಿದೆ. ಇದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಿನ್ನಾಳದ ಮರದ ಗೊಂಬೆಗಳ ಜಿಲ್ಲೆಗೆ ಪ್ಲಾಸ್ಟಿಕ್ ಆಟಿಕೆಯ ಕಾರ್ಖಾನೆ ಬಂದದ್ದು ತಮಾಷೆಯಾಗಿ ಕಂಡರೂ ಆಟಿಕೆ ಜೋಡಣೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆಯುವ ಉದ್ಯಮ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಪ್ರತಿ ಸಂಸ್ಥೆಯೂ ಬೇರೆ ಬೇರೆ ಮಾಡಬೇಕೆಂದಿಲ್ಲ, ಕೂಡಿ ಮಾಡಬಹುದೆಂದು ಆ ತಿದ್ದುಪಡಿಯೇ ಹೇಳಿತು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಬಿಡಬೇಕೆಂದೂ ಅದರಲ್ಲಿತ್ತು. ಹಾಗಾದರೆ ಕೇಂದ್ರ ಕಾರ್ಖಾನೆಯ ಹತ್ತಿರವೇ ಇರಬೇಕು. ಆದರೆ ಅಳವಂಡಿ ಕಡೆಯ ಹಳ್ಳಿಯಿಂದ ಹೊರಡುವ ತಾಯಿ ಎಂಟು ತಿಂಗಳ ಕೂಸನ್ನು ದಿನಾ ಬಸ್ಸಿನಲ್ಲಿ ಹೊತ್ತು ತರುತ್ತಾಳೋ, ಊರಿನ ಕೂಸಿನ ಮನೆಯಲ್ಲಿ ಬಿಟ್ಟು ಬರುತ್ತಾಳೋ? ಊರಲ್ಲೇ ಬಿಡುವುದಾದರೆ ಕಾರ್ಖಾನೆಯ ದುಡ್ಡಿನ ಒಂದು ಪಾಲು ಪಂಚಾಯಿತಿಯ ಆ ಕೇಂದ್ರಕ್ಕೂ ಹರಿಯಬೇಕು, ಆಕೆಯ ಶಿಫ್ಟ್ ಮುಗಿದು ಬಸ್ಸು ಊರು ಮುಟ್ಟುವವರೆಗೆ ಅದರ ಬಾಗಿಲು ತೆರೆದಿರಬೇಕು.