ಸೀಸದ ಕೋಶದಿಂದ ಲಿಥಿಯಂ ಕೋಶಕ್ಕೆ

ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಣೆಕಟ್ಟು, ಜಲಪಾತ, ತಂತಿಮಾರ್ಗಗಳನ್ನೇ ವರ್ಣಿಸುತ್ತಾರೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರನ್ನೂ ಮುಟ್ಟಿದ ವೃತ್ತಾಂತವು ಸುವಿದಿತವಾದುದು. ಆದರೆ ತಂತಿಯಲ್ಲಿ ವಿದ್ಯುತ್ತು ನಿಂತ ಗಳಿಗೆಯಲ್ಲಿ ಜನರು ಯಾವುದನ್ನು ಆಶ್ರಯಿಸಿದರೆಂಬ ಪ್ರಶ್ನೆಯೂ ಚರಿತ್ರೆಗೆ ಸೇರಿದುದೇ. ಈ ಪ್ರಶ್ನೆಯನ್ನು ಬೊಮ್ಮನಹಳ್ಳಿಯ ಸಂದರ್ಭದಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಹೊಸೂರು ರಸ್ತೆಯ ಈ ಊರು 2007ರಲ್ಲಿ ಮಹಾನಗರದಲ್ಲಿ ವಿಲೀನವಾಗುವವರೆಗೆ ಪ್ರತ್ಯೇಕ ನಗರಸಭೆಯನ್ನು ಹೊಂದಿತ್ತು. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯು ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ ಇದರ ದಕ್ಷಿಣಕ್ಕಿದೆ. ಸಿದ್ಧ ಉಡುಪಿನ ಕಾರ್ಖಾನೆ, ಸಣ್ಣ ಕಛೇರಿ, ಬಾಡಿಗೆಯ ಮನೆ ಇವೆಲ್ಲ ಒತ್ತೊತ್ತಾಗಿರುವ ಇಂಥ ಪ್ರದೇಶದಲ್ಲಿ ಇನ್ವರ್ಟರ್ ಮತ್ತು ಯು.ಪಿ.ಎಸ್. ಯಂತ್ರಗಳು ಐಶ್ವರ್ಯದ ಕುರುಹಲ್ಲ, ನಿತ್ಯದ ಅಗತ್ಯ. ಬಹುಕಾಲ ಅವುಗಳ ಜೀವಾಳವಾಗಿದ್ದುದು ಸೀಸದ ಬ್ಯಾಟರಿ.

ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ನಿರ್ಮಿಸಿದನು. ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿರುವ ಸೀಸದ ಮತ್ತು ಸೀಸದ ಆಕ್ಸೈಡಿನ ಫಲಕಗಳು ಒಂದೊಂದು ಕೋಶದಲ್ಲಿ ಸುಮಾರು 2 ವೋಲ್ಟನ್ನು ಕೊಡುತ್ತವೆ. ಆರು ಕೋಶ ಕೂಡಿದರೆ 12 ವೋಲ್ಟು. ಬೆಲೆ ಕಡಿಮೆ, ತಯಾರಿಕೆ ಸುಲಭ. ಆದರೆ ತೂಕ ಹೆಚ್ಚು. ಶುದ್ಧೀಕರಿಸಿದ ನೀರನ್ನು ಆಗಾಗ ತುಂಬಬೇಕು. ತುಂಬುವಾಗ ಜಲಜನಕ ಅನಿಲವು ಹೊರಬೀಳುವುದರಿಂದ ಗಾಳಿಯಾಡುವ ಸ್ಥಳ ಬೇಕು. ಪದೇ ಪದೇ ಪೂರ್ಣವಾಗಿ ಬರಿದುಮಾಡಿದರೆ ಆಯುಸ್ಸು ಕುಗ್ಗುತ್ತದೆ.

ಲಿಥಿಯಂ ಅಯಾನಿನ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕಾಗಿ ದುಡಿದ ಗುಡೆನಫ್, ವಿಟಿಂಗ್‌ಹ್ಯಾಂ, ಯೋಷಿನೊ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಮನೆಯ ಬಳಕೆಗೆ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆ ಹೆಚ್ಚು ಯುಕ್ತವಾದುದು, ಏಕೆಂದರೆ ಶಾಖಕ್ಕೆ ಅದು ಸುಲಭವಾಗಿ ಕೆರಳುವುದಿಲ್ಲ. ಒಂದು ಲೆಕ್ಕವನ್ನು ನೋಡೋಣ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1800 ವಾಟ್-ಗಂಟೆ ಅಡಗಿದೆ. ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿದರೆ ದೊರೆಯುವುದು 900. ಲಿಥಿಯಂ ಬ್ಯಾಟರಿ 12.8 ವೋಲ್ಟು, 100 ಆಂಪಿಯರ್-ಗಂಟೆಯದಾದರೆ 1280. ಅದರಲ್ಲಿ ನೂರಕ್ಕೆ 80 ಭಾಗ ಬಳಸಿದರೂ 1024. ಸಂಖ್ಯೆ ಚಿಕ್ಕದಾದರೂ ಫಲ ಹಿರಿದು.

ಹಾಗೆಂದು ಒಂದನ್ನು ತೆಗೆದು ಇನ್ನೊಂದನ್ನು ಇಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಸೀಸಕ್ಕಾಗಿ ರಚಿತವಾದ ಇನ್ವರ್ಟರ್ ಕೆಲವೊಮ್ಮೆ 15 ವೋಲ್ಟನ್ನು ಮೀರಿ ತುಂಬಿಸುತ್ತದೆ. ಇದು ಲಿಥಿಯಂಗೆ ಹಾನಿಕರ. ಯಂತ್ರದಲ್ಲಿ ಲಿಥಿಯಂಗೆ ತಕ್ಕ ಏರ್ಪಾಡು ಇರಬೇಕು; ಬ್ಯಾಟರಿಯೊಳಗೆ ಕೋಶಗಳನ್ನು ಕಾಯುವ ನಿಯಂತ್ರಣ ಫಲಕವಿರಬೇಕು; ಎರಡು ಬಗೆಗಳನ್ನು ಜೊತೆಗೆ ಜೋಡಿಸಕೂಡದು.

ಇನ್ನು ಮುಖ್ಯವಾದ ವಿಚಾರವೊಂದುಂಟು: ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ? ಸೀಸವು ಮತ್ತೆ ಕರಗಿಸಿ ಬಳಸಬಹುದಾದ ಲೋಹ. ಆದರೆ ಅಕ್ರಮ ಕುಲುಮೆಗಳಲ್ಲಿ ಕರಗಿಸಿದಾಗ ಅದರ ಹೊಗೆ ಮತ್ತು ಧೂಳು ದುಡಿಯುವವರ ರಕ್ತವನ್ನು ಸೇರುತ್ತವೆ. ಮಕ್ಕಳ ಬುದ್ಧಿಶಕ್ತಿಯನ್ನು ಕುಂದಿಸುತ್ತವೆ. ಬೊಮ್ಮನಹಳ್ಳಿಗೆ ಸಮೀಪದ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಬಾಧೆಗಾಗಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾದುದು ಈ ಅಪಾಯದ ಗುರುತ್ವಕ್ಕೆ ಸಾಕ್ಷಿ. 2001ರ ನಿಯಮಗಳು ಸೀಸದ ಬ್ಯಾಟರಿಗೆ ಮಾತ್ರ ಅನ್ವಯಿಸುತ್ತಿದ್ದವು. 2022ರ ನಿಯಮಗಳು ಲಿಥಿಯಂ ಸೇರಿದಂತೆ ಎಲ್ಲ ಬಗೆಗಳನ್ನೂ ಒಳಗೊಂಡು, ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದುದರಿಂದ ಹೊಸದನ್ನು ಕೊಳ್ಳುವವರು ಹಳೆಯದನ್ನು ಗುಜರಿಯವನಿಗೆ ಹಾಕದೆ, ಮಾರಾಟಗಾರನಿಗೇ ಒಪ್ಪಿಸುವುದು ಕರ್ತವ್ಯ.

ಶಿವನಸಮುದ್ರವಿರುವ ಮಂಡ್ಯ ಜಿಲ್ಲೆಯಲ್ಲಿಯೇ, ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ, ಸುಮಾರು 1600 ಟನ್ನು ಲಿಥಿಯಂ ಇರಬಹುದೆಂಬ ಅಂದಾಜು 2021ರಲ್ಲಿ ಪ್ರಕಟವಾಯಿತು. ಪ್ರಮಾಣ ಅಲ್ಪವೇ ಸರಿ. ಆದರೂ ಬೆಳಕು ಯಾರಿಗೆ, ಅದರ ಧೂಳು ಯಾರ ಪಾಲಿಗೆ ಎಂಬುದನ್ನು ಅಗೆಯುವ ಮುನ್ನವೇ ಕೇಳಬೇಕೆಂಬುದು ಸೀಸದ ಚರಿತ್ರೆ ನಮಗೆ ಕಲಿಸುವ ಪಾಠ.