ಹಾಲಿಗೆ ನಾಲ್ಕು ಹೆಸರು

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಹಾದಿಯಲ್ಲಿ ಕವಲಂದೆ ಸಿಗುತ್ತದೆ. ಕನ್ನಡದ ಜೊತೆಗೆ ದಖ್ಖನಿ ಉರ್ದುವೂ ಕಿವಿಗೆ ಬೀಳುವ ಊರು. ಇಲ್ಲಿನ ಒಂದನೇ ತರಗತಿಯಲ್ಲಿ ಟೀಚರ್ ಒಬ್ಬರು ಹಾಲಿನ ಲೋಟದ ಚಿತ್ರ ತೋರಿಸಿದರು ಎಂದಿಟ್ಟುಕೊಳ್ಳಿ. ಒಂದು ಮಗು ‘ಆಲು’ ಎನ್ನುತ್ತದೆ, ಪಕ್ಕದ್ದು ‘ದೂದ್’ ಎನ್ನುತ್ತದೆ. ‘ತಪ್ಪು, ಹಾಲು ಅನ್ನಬೇಕು’ ಎಂದು ಟೀಚರ್ ತಿದ್ದುತ್ತಾರೆ. ಉಳಿದ ಮಕ್ಕಳು ನಗುತ್ತಾರೆ.

ಹಕಾರ ಬಿಟ್ಟು ಮಾತಾಡುವುದು ಈ ಸೀಮೆಯ ಎಷ್ಟೋ ಮನೆಗಳ ರೂಢಿ. ಹೂವು ಊವಾಗುತ್ತದೆ, ಹಸು ಅಸುವಾಗುತ್ತದೆ. ಇದೇ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಈ ಕಡೆಯ ಆಡುಮಾತಿನಲ್ಲೇ ‘ಕುಸುಮಬಾಲೆ’ ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಕಾಡೆಮಿ ಮನ್ನಿಸಿದ ಮಾತಿಗೆ ಶಾಲೆಯ ನೋಟುಪುಸ್ತಕದಲ್ಲಿ ಇನ್ನೂ ಕೆಂಪು ಶಾಯಿಯೇ ಗತಿ.

ಉರ್ದು ಮಾಧ್ಯಮಕ್ಕೆ ಸೇರಿದ ಮಗುವಿನ ಪಾಡೂ ಬೇರೆಯಲ್ಲ. ಬೇಡ ಎನ್ನಲು ಮನೆಯಲ್ಲಿ ‘ನಕ್ಕೋ’ ಅನ್ನುವ ಮಗುವಿಗೆ ಪುಸ್ತಕದ ಉರ್ದು ಇನ್ನಾರದೋ ಮನೆಯ ಮಾತು. ಈ ಎರಡು ಮಕ್ಕಳ ಲಿಪಿ ಬೇರೆ, ದೇವರು ಬೇರೆ. ಮನೆಮಾತನ್ನು ಚಪ್ಪಲಿಯ ಜೊತೆ ಶಾಲೆಯ ಹೊಸಿಲಾಚೆ ಬಿಟ್ಟುಬರುವ ಕಷ್ಟ ಮಾತ್ರ ಒಂದೇ.

ಹಲವು ಸಂಸ್ಕೃತಿಗಳ ಪರಿಚಯವೆಂದರೆ ನಮ್ಮಲ್ಲಿ ಬಹಳ ಸಲ ವಾರ್ಷಿಕೋತ್ಸವದ ವೇಷ. ಒಬ್ಬನಿಗೆ ಪೇಟ, ಇನ್ನೊಬ್ಬನಿಗೆ ಟೋಪಿ, ಮತ್ತೊಬ್ಬಳಿಗೆ ಕೊಡವ ಸೀರೆ. ಮೇಷ್ಟ್ರು ಮಾತ್ರ ತಮಗೆ ಯಾವ ಕುಲವೂ ನೆಲೆಯೂ ಇಲ್ಲವೆಂಬಂತೆ ಪಕ್ಕದಲ್ಲಿ ನಿಂತಿರುತ್ತಾರೆ. ಅವರಿಗೂ ಜಾತಿಯಿದೆ, ಮನೆಮಾತಿದೆ, ಊಟದ ರೂಢಿಯಿದೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವಾಗ ಅವರ ಮುಖ ಸಿಂಡರಿಸಿದರೆ, ಆ ಪಾಠವನ್ನು ಮಗು ಎರಡನೇ ಸಲ ಓದಬೇಕಾಗಿಲ್ಲ.

ಮೇಷ್ಟ್ರು ಹೀಗೆ ಪಕ್ಕಕ್ಕೆ ನಿಲ್ಲದೆ ಮಕ್ಕಳ ಬಳಿ ಬಂದದ್ದೂ ಇದೆ. ಇದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ‘ನಲಿ-ಕಲಿ’ ಎಂಬ ಕಲಿಕೆಯ ಕ್ರಮ ಮೊಳೆಯಿತು. ಆಂಧ್ರದ ರಿಷಿ ವ್ಯಾಲಿಯ ಕ್ರಮ ನೋಡಿಬಂದ ಶಿಕ್ಷಕರು ಕಲಿಕೆಯ ಕಾರ್ಡುಗಳನ್ನು ತಾವೇ ರೂಪಿಸಿದರು, ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂತರು. ಅಮೆರಿಕದ ಅರಿಜೋನಾದಲ್ಲಿ ಸಂಶೋಧಕ ಲೂಯಿಸ್ ಮೋಲ್ ಮತ್ತು ಸಂಗಡಿಗರು ನಡೆಸಿ, 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಮೆಕ್ಸಿಕನ್ ಮೂಲದ ಮಕ್ಕಳ ಮನೆಗಳಿಗೆ ದೂರು ಹೇಳಲು ಅಲ್ಲ, ಕಲಿಯಲು ಹೋದರು. ಹುಡುಗನೊಬ್ಬ ಮೆಕ್ಸಿಕೋದ ಮಿಠಾಯಿ ಮಾರುವುದು ಗೊತ್ತಾಗಿ, ತರಗತಿಯಲ್ಲಿ ಮಿಠಾಯಿಯೇ ಪಾಠವಾಯಿತು. ನಮ್ಮ ಸೀಮೆಯಲ್ಲಿ ಮಾದಪ್ಪನ ಕತೆ ಹಾಡುವ ಕಂಸಾಳೆಯವರಿದ್ದಾರೆ, ಮಂಟೇಸ್ವಾಮಿಯ ನೀಲಗಾರರಿದ್ದಾರೆ. ಅವರ ಮನೆಯ ಜಗಲಿಗಳಲ್ಲಿ ಮೇಷ್ಟ್ರಿಗೂ ಕಲಿಯಲು ಬೇಕಾದಷ್ಟಿದೆ.

ಹಾಗೆಂದು ಪುಸ್ತಕದ ಕನ್ನಡ ಬೇಡವೆಂದಲ್ಲ. ಪರೀಕ್ಷೆ, ಅರ್ಜಿ, ಕಚೇರಿ ಎಲ್ಲಕ್ಕೂ ಅದು ಬೇಕು. ‘ಮನೇಲಿ ಆಲು, ಪುಸ್ತಕದಲ್ಲಿ ಹಾಲು’ ಎಂದರೆ ಮಗುವಿಗೆ ಎರಡೂ ದಕ್ಕುತ್ತವೆ.

ಮೊದಲು ಕಂಡ ಟೀಚರ್ ಬಂಟ್ವಾಳದ ಕಡೆಯ ತುಳು ಮನೆಯವರಾಗಿರಲಿ. ಒಂದು ಕಾಲಕ್ಕೆ ಅವರೂ ಹೊಸಿಲಾಚೆ ಒಂದು ಪದ ಬಿಟ್ಟು ಶಾಲೆಯೊಳಗೆ ಬಂದವರೇ. ಬೋರ್ಡಿನ ಮೇಲೆ ಹಾಲು, ಆಲು, ದೂದ್ ಎಂದು ಸಾಲಾಗಿ ಬರೆದು, ‘ನಮ್ಮನೇಲಿ ಇದಕ್ಕೆ ಪೇರ್ ಅಂತೀವಿ’ ಎಂದು ಅವರು ನಾಲ್ಕನೆಯದನ್ನೂ ಸೇರಿಸಲಿ. ಮಕ್ಕಳು ಆಗಲೂ ನಗುತ್ತಾರೆ. ಈ ಸಲ ನಗು ಟೀಚರ ಮಾತಿಗೆ. ಟೀಚರೂ ಜೊತೆಗೆ ನಗಬಹುದು.